ಸುತ್ತಿನ ಲೆಕ್ಕ

ಮೂವತ್ತೊಂದು ವರ್ಷ
ನಾನು ಸುತ್ತುವವ, ಖಲಂದರ್ ಎಣಿಸುವವ.
ಕೋಲಾರದ ಕ್ಲಾಕ್ ಟವರ್ ಹಿಂದಿನ ಗಲ್ಲಿ, ವಾರ್ನಿಷಿನ ಘಾಟು,
ಬೋರಿನಿಂದ ಎತ್ತಿ ತಂದ ಸುಟ್ಟ ಮೋಟರುಗಳು
ಗೋಡೆಗೊರಗಿ ಸರದಿ ಕಾಯುತ್ತವೆ.
ನಾನು ತಾಮ್ರದ ತಂತಿ ಎಳೆದಂತೆ ಅವನ ತುಟಿ ಆಡುತ್ತದೆ:
ಹತ್ತರವರೆಗೆ ಉರ್ದು, ನಲವತ್ತರವರೆಗೆ ತೆಲುಗು,
ಆಮೇಲೆ ಕನ್ನಡ. ಯಾಕೆ ಅಂತ ಕೇಳಿಲ್ಲ.
ಒಂದು ಸುತ್ತೂ ತಪ್ಪಿದ್ದಿಲ್ಲ.

ಮಂಗಳವಾರ ಅರವತ್ತೆರಡಕ್ಕೆ ನಿಂತ.
ತಲೆಯೆತ್ತಿ ನೋಡಿದೆ.
ಹಣೆಯ ತುಂಬ ಬೆವರು, ತುಟಿ ಸೀಸದ ಬಣ್ಣ.
"ಅರವತ್ತೆರಡು" ಅಂದ ಮತ್ತೊಮ್ಮೆ,
ಮರೆಯಬೇಡ ಅನ್ನುವ ಹಾಗೆ.

ರಕ್ತನಾಳ ಬಿಡಿಸಿದೆವು, ಸ್ಟೆಂಟ್ ಕೂತಿದೆ,
ಹೃದಯ ಮಾತ್ರ ದಿಗಿಲುಬಿದ್ದು ಕೂತಿದೆ, ಅಂದರು ಡಾಕ್ಟರಮ್ಮ.
ಬಿಪಿ ಎಪ್ಪತ್ತು ದಾಟುತ್ತಿಲ್ಲ. ಕೈಕಾಲು ಮಂಜು. ಮೂತ್ರವಿಲ್ಲ.
ಔಷಧಿ ಏರಿಸಿದಷ್ಟೂ, ಬಿದ್ದ ಎತ್ತಿಗೆ ಬಾರುಕೋಲು.
ಒಂದು ಪಂಪು ಇಳಿಸಬೇಕು.

ಇಳಿಸುವುದು! ಆ ಮಾತು ನನಗೆ ಗೊತ್ತು.
ಸಾವಿರದ ಇನ್ನೂರು ಅಡಿಗೆ ಇಳಿಸಿದ್ದೇನೆ,
ಪೈಪಿಗೆ ಪೈಪು ಬಿಗಿದು, ಕೇಬಲ್ಲು ಬಿಡುತ್ತ ಬಿಡುತ್ತ.
ಇವರು ತೊಡೆಸಂದಿಯ ತೂತಿನಿಂದ
ಮೇಲಕ್ಕೆ ಇಳಿಸುತ್ತಾರಂತೆ,
ಮಹಾಧಮನಿ ಹತ್ತಿ, ಕಮಾನು ಬಳಸಿ,
ಕವಾಟ ದಾಟಿ ಎಡಗೋಣೆಯೊಳಕ್ಕೆ
ನನ್ನ ಕಿರುಬೆರಳಿಗಿಂತ ಸಣ್ಣ ಮೋಟರು.

ಬೆಲೆ ಕೇಳಿ ಹಸೀನಾಬಿ ಗೋಡೆ ಹಿಡಿದಳು.
ಆಮೇಲೆ ಗೋಡೆ ಬಿಟ್ಟು ಸಹಿ ಹಾಕಿದಳು.

"ಎಷ್ಟು ಎಚ್‌ಪಿ?" ಬಾಯಿಂದ ಬಂದುಬಿಟ್ಟಿತು.
ಮುಳಬಾಗಿಲಿನ ಆ ಟೆಕ್ನಿಷಿಯನ್ ಹುಡುಗಿ ನಗಲಿಲ್ಲ.
"ಅದು ಗೊತ್ತಿಲ್ಲಣ್ಣ. ನಿಮಿಷಕ್ಕೆ ನಲವತ್ತು ಸಾವಿರ ಸುತ್ತು."
ನಮ್ಮವು ಎರಡು ಸಾವಿರದ ಎಂಟುನೂರ ಎಂಬತ್ತು.
ಎಣಿಸುವವನೇ ಮಲಗಿದ್ದಾನೆ.

ರಕ್ತ ಮೋಟರಿನೊಳಕ್ಕೆ ನುಗ್ಗದಂತೆ
ಸಕ್ಕರೆನೀರು ಹನಿಹನಿಯಾಗಿ ಎದುರು ಒತ್ತುತ್ತಿರುತ್ತದಂತೆ.
ಸೀಲು. ಸರಿ.
ರಾತ್ರಿ ಎರಡಕ್ಕೆ ಪೆಟ್ಟಿಗೆ ಕಿರುಚಿತು, ಓಡಿ ಬಂದರು:
ಹೀರಲು ರಕ್ತ ಸಾಲದೆ ಒಳಗೋಡೆಗೆ ಅಂಟುತ್ತಿದೆ.
ಡ್ರೈ ರನ್, ಅಂದೆ ಬಾಗಿಲಾಚೆಯಿಂದ, ಯಾರಿಗೂ ಕೇಳದಷ್ಟು.
ವೇಗ ಇಳಿಸಿದರು, ಬಾಟಲಿ ಏರಿಸಿದರು.
ನಾನಾದರೂ ಅಷ್ಟೇ ಮಾಡುತ್ತಿದ್ದೆ,
ಬೋರಿಗೆ ಬಾಟಲಿ ಏರಿಸುವವರಿಲ್ಲ.

ಬೆಳಗಿಗೆ ಮೂತ್ರದ ಚೀಲ ಕೆಂಪು.
ರೆಕ್ಕೆಗೆ ಸಿಕ್ಕಿ ಕಣಗಳು ಒಡೆಯುತ್ತಿವೆ.
ಗಂಟೆಗೊಮ್ಮೆ ನರ್ಸು ಅವನ ಪಾದದ ಮೇಲೆ
ಪೆನ್ನಿನಲ್ಲಿ ಹಾಕಿದ ಗುರುತಿಗೆ ಬೆರಳಿಟ್ಟು
ಕಣ್ಣು ಮುಚ್ಚಿ ನಾಡಿ ಹುಡುಕುತ್ತಾಳೆ.
ರಿಪೇರಿ ಅಲ್ಲವಂತೆ ಇದು.
ಹೃದಯದ ಪಾಳಿಯನ್ನು ಪಂಪು ಮಾಡುತ್ತದೆ,
ಅದು ಒಂದಿಷ್ಟು ಮಲಗಿ ಏಳಲಿ ಅಂತ.
ಎದ್ದರೆ.

ಕಾರಿಡಾರಿನ ಕಿಟಕಿಯಲ್ಲಿ ಅಂತರಗಂಗೆಯ ಬೆಟ್ಟ.
ಅಲ್ಲಿ ಕಲ್ಲುಬಸವನ ಬಾಯಿಂದ ನೀರು ಸುರಿಯುತ್ತಲೇ ಇರುತ್ತದೆ.
ಚಿಕ್ಕವನಿದ್ದಾಗ ನಾನೂ ಅವನೂ ಹಿಂದೆಲ್ಲ ತಡಕಿದ್ದೆವು,
ಮೋಟರು ಎಲ್ಲಿಟ್ಟಿದ್ದಾರೆ ಅಂತ.

ಐದನೆಯ ದಿನ ಇಳಿಸತೊಡಗಿದರು:
ಎಂಟು, ಆರು, ಕಾಯುವುದು. ನಾಲ್ಕು, ಕಾಯುವುದು. ಎರಡು.
ಹಸೀನಾಬಿಯ ತಸಬಿ ಮಣಿ ಒಂದರಲ್ಲೇ ನಿಂತಿತ್ತು.
ಬಿಪಿ ನಿಂತಿತು. ತಾನಾಗಿ.

ಹೊರಗೆ ತೆಗೆದ ಪಂಪನ್ನು ಕೇಳಿದೆ, ನೋಡಲಿಕ್ಕೆ.
"ಹಳದಿ ಚೀಲಕ್ಕೆ ಹೋಯ್ತಣ್ಣ. ಒಬ್ಬರಿಗೆ ಒಂದೇ ಸಲ."
ನಮ್ಮ ಗಲ್ಲಿಯಲ್ಲಿ ಇದುವರೆಗೆ ಯಾರೂ
ಒಂದು ಮೋಟರು ಬಿಸಾಕಿದ್ದಿಲ್ಲ.

"ಅರವತ್ತೆರಡಕ್ಕೇ ಬಿಟ್ಟಿದ್ದೇನೆ, ಮುಟ್ಟಿಲ್ಲ" ಅಂದೆ ಅವನ ಕಿವಿಗೆ.
ಬಿರಿದ ತುಟಿ ತೆರೆದ:
"ಏನು ಅರವತ್ತೆರಡು?"

ಹುಡುಗಿ ಆಗಲೂ ಅವನ ತೊಡೆಸಂದಿ ಒತ್ತಿ ಹಿಡಿದಿದ್ದಳು,
ಎರಡೂ ಕೈ, ಮೈಭಾರವೆಲ್ಲ ಹಾಕಿ,
ಗೋಡೆಯ ಗಡಿಯಾರ ನೋಡುತ್ತ,
ಇನ್ನೂ ಹತ್ತು ನಿಮಿಷ ಬಿಡುವಂತಿಲ್ಲ ಅಂತ.